ಕಿಲೋಮೀಟರು ಕಾಣದ ಕ್ಯಾಮೆರಾ

ಸಾವಿರಾರು ಕಿಲೋಮೀಟರು ಸೈಕಲ್ ತುಳಿಯುವುದು ಒಂದು ಹುಚ್ಚು. ಸಾಕ್ಷ್ಯಚಿತ್ರ ತೆಗೆಯುವುದು ಇನ್ನೊಂದು. ಎರಡೂ ಮರ್ಯಾದಸ್ಥ ಹುಚ್ಚುಗಳೇ. ಬೇರೆ ಬೇರೆ ಜನಕ್ಕೆ ಹಿಡಿದಾಗ ಮನೆಯವರು ಹೇಗೋ ಸಹಿಸಿಕೊಂಡು ಹೋಗುತ್ತಾರೆ. ಎರಡೂ ಒಬ್ಬರಿಗೇ ಒಟ್ಟಿಗೆ ಹಿಡಿದಾಗ ಕಷ್ಟ ಶುರುವಾಗುತ್ತದೆ. ಹೇಗೂ ಹೋಗುತ್ತಿದ್ದೇನಲ್ಲ, ಹಾಗೇ ಒಂದು ಡಾಕ್ಯುಮೆಂಟರಿಯನ್ನೂ ಮಾಡಿಕೊಂಡು ಬರುತ್ತೇನೆ ಎನ್ನುವವರು ಈಗ ಊರಿಗೆ ನಾಲ್ಕು ಮಂದಿಯಾದರೂ ಸಿಗುತ್ತಾರೆ. ಇಂಥ ಯೋಜನೆಗಳ ಹಾಳೆಯೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ದಿನ, ಊರು, ಕಿಲೋಮೀಟರು, ಏರು, ತಂಗುವ ಜಾಗ, ಆಮೇಲೆ ಕೊಟ್ಟಕೊನೆಯ ಕಿರಿದಾದ ಕಾಲಮ್ಮಿನಲ್ಲಿ ಸಣ್ಣ ಅಕ್ಷರದ 'ಶೂಟಿಂಗ್'. ಈ ಕೊನೆಯ ಕಾಲಮ್ಮು ಹಿಂದಿನ ಐದನ್ನೂ ನುಂಗಿ ನೀರು ಕುಡಿಯುತ್ತದೆ ಎನ್ನುವುದು ಹೊರಟ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಆಗ ಜನ ಬಯ್ಯುವುದು ಬ್ಯಾಟರಿಯನ್ನು, ರಸ್ತೆಯನ್ನು, ಹವಾಮಾನವನ್ನು. ತಪ್ಪು ಅವುಗಳದ್ದಲ್ಲ, ಮೂರನೆಯ ಕಾಲಮ್ಮಿನದು. ಕ್ಯಾಮೆರಾಕ್ಕೆ ಕಿಲೋಮೀಟರು ಕಾಣುವುದಿಲ್ಲ. ಅದಕ್ಕೇ ಸಿನಿಮಾ ತೆಗೆಯುವ ಮನಸ್ಸಿರುವವರು ಯೋಜನೆಯಲ್ಲಿ ಮೊದಲು ಕತ್ತರಿ ಹಾಕಬೇಕಾದದ್ದು ದೂರಕ್ಕೆ. ನನ್ನ ವಾದ ಇಷ್ಟೇ. ಸೈಕಲ್ ಸವಾರರಿಗೆ ಇದು ಧರ್ಮದ್ರೋಹದಂತೆ ಕೇಳಿಸುವುದರಿಂದ ಪುರಾವೆ ಕೊಡಬೇಕಾಗುತ್ತದೆ.

ಲೆಕ್ಕದಿಂದಲೇ ಶುರು ಮಾಡೋಣ. ಬೇಕಾಗಿರುವುದು ಹತ್ತು ಸೆಕೆಂಡಿನ ಒಂದೇ ಒಂದು ಶಾಟ್ ಎಂದುಕೊಳ್ಳಿ. ತಿರುವಿನಾಚೆಯಿಂದ ಸೈಕಲ್ ಬರುತ್ತದೆ, ಕ್ಯಾಮೆರಾದ ಮುಂದೆ ಹಾದು ಹೋಗುತ್ತದೆ, ದೂರದಲ್ಲಿ ಚುಕ್ಕೆಯಾಗಿ ಮಾಯವಾಗುತ್ತದೆ. ಒಂಟಿ ಪಯಣದ ಎಲ್ಲ ಚಿತ್ರಗಳಲ್ಲೂ ಇದು ಇದ್ದೇ ಇರುತ್ತದೆ. ನೋಡಿದವರು ಅಬ್ಬಾ ಎಷ್ಟು ಒಂಟಿ ಎನ್ನುತ್ತಾರೆ. ಆ ಒಂಟಿಗ ಏನೇನು ಮಾಡಿದ ನೋಡಿ. ತಿರುವು ದಾಟಿ ಬಂದ, ಇಳಿದ, ಚೀಲ ಬಿಚ್ಚಿ ಟ್ರೈಪಾಡ್ ನಿಲ್ಲಿಸಿದ, ಗುಂಡಿ ಒತ್ತಿದ, ತಿರುವಿನಾಚೆಗೆ ವಾಪಸು ಹೋದ. ಅಲ್ಲಿಂದ ಏನೂ ಗೊತ್ತಿಲ್ಲದವನಂತೆ ಮುಖ ಮಾಡಿಕೊಂಡು ಕ್ಯಾಮೆರಾ ದಾಟಿ ಹೋದ. ಚುಕ್ಕೆಯಾಗಿ ಮಾಯವಾದ ಮೇಲೆ ಕ್ಯಾಮೆರಾ ತರಲು ಮರಳಿ ಬಂದ, ಎಲ್ಲ ಕಟ್ಟಿಕೊಂಡು ಮತ್ತೆ ಅದೇ ದಾರಿಯಲ್ಲಿ ಹೊರಟ. ಕ್ಯಾಮೆರಾದ ಈಚೆಗಿನ ರಸ್ತೆಯನ್ನು ಮೂರು ಸಲ ತುಳಿದದ್ದಾಯಿತು, ಆಚೆಗಿನದನ್ನೂ ಮೂರು ಸಲ. ಅದೂ ಮೊದಲ ಟೇಕಿನಲ್ಲೇ ಸರಿಯಾಗಿ ಬಂದರೆ. ಸರಿಯಾಗಿ ಬರುವುದಿಲ್ಲ. ಅಡ್ಡ ಲಾರಿ ಬರುತ್ತದೆ, ಇಲ್ಲವೇ ದಾರಿಹೋಕರೊಬ್ಬರು ಈ ಮೂರು ಕಾಲಿನ ಪ್ರಾಣಿ ಯಾವುದೆಂದು ನೋಡಲು ಲೆನ್ಸಿನೊಳಕ್ಕೆ ಇಣುಕುತ್ತಾರೆ, ಇಲ್ಲವೇ ಗುಂಡಿಯನ್ನು ಒಂದರ ಬದಲು ಎರಡು ಸಲ ಒತ್ತಿಯಾಗಿರುತ್ತದೆ. ಒಂದು ಶಾಟಿಗೆ ಅರ್ಧ ಗಂಟೆ ಎಂದಿಟ್ಟುಕೊಂಡರೆ ದಿನಕ್ಕೆ ಆರು ಶಾಟಿಗೆ ಮೂರು ಗಂಟೆ. ಗಂಟೆಗೆ 20 ಕಿಲೋಮೀಟರು ಹೋಗುವವನಿಗೆ ಇದು 60 ಕಿಲೋಮೀಟರಿನ ನಷ್ಟ. ಹಾಳೆಯಲ್ಲಿ ದಿನಕ್ಕೆ 120 ಎಂದು ಬರೆದಿದ್ದರೆ ಅರ್ಧ ಹಾರಿಹೋಯಿತು. ಉಳಿದದ್ದು ಪರದೆಯ ಮೇಲೆ ಒಂದು ನಿಮಿಷ.

ಇಷ್ಟು ಕಷ್ಟಪಟ್ಟು ತೆಗೆದ ನಿಮಿಷದಲ್ಲಿ ಕಷ್ಟ ಕಾಣುತ್ತದೆಯೇ? ಸೈಕಲ್ ತುಳಿಯುವವರ ಪರಮ ಶತ್ರುಗಳು ಎರಡು: ಏರು ಮತ್ತು ಎದುರುಗಾಳಿ. ಎರಡರ ವಿಷಯದಲ್ಲೂ ಕ್ಯಾಮೆರಾ ಕುರುಡು. ಹ್ಯಾಂಡಲ್ಲಿಗೆ ಸಿಕ್ಕಿಸುವ ಪುಟ್ಟ ಕ್ಯಾಮೆರಾಗಳಿಗೆ ಇರುವುದು ವೈಡ್ ಆ್ಯಂಗಲ್ ಲೆನ್ಸು; ನಾಲಿಗೆ ಹೊರಬರಿಸುವ ಘಾಟಿಯನ್ನೂ ಅದು ತಟ್ಟಿ ಚಪ್ಪಟೆ ಮಾಡಿ ತೋರಿಸುತ್ತದೆ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಟಂಗ್ಲಾಂಗ್ ಲಾ ಎಂಬ ಕಣಿವೆ ಹಾದಿ 5,300 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಸೈಕಲ್ ತುಳಿಯುವವರು ಒಂದೊಂದು ಉಸಿರಿಗೂ ಸಾಲ ಮಾಡಬೇಕು. ಆದರೆ ಆಮ್ಲಜನಕ ಕಡಿಮೆಯಿರುವುದು ವಿಡಿಯೊದಲ್ಲಿ ಬರುವುದಿಲ್ಲವಲ್ಲ; ಒಳ್ಳೆಯ ಡಾಂಬರು ರಸ್ತೆಯಲ್ಲಿ ಒಬ್ಬ ದೃಢಕಾಯ ಮನುಷ್ಯ ಯಾಕೋ ಏದುಸಿರು ಬಿಡುತ್ತಿದ್ದಾನೆ ಎಂದಷ್ಟೇ ಕಾಣುತ್ತದೆ. ಗಾಳಿಯದು ಇನ್ನೂ ಅನ್ಯಾಯ. ಪಕ್ಕದಲ್ಲಿ ಬಾಗಲು ಒಂದು ತೆಂಗಿನ ಮರವೋ ಕಬ್ಬಿನ ಗದ್ದೆಯೋ ಇಲ್ಲದಿದ್ದರೆ ಎದುರುಗಾಳಿಯ ವಿರುದ್ಧ ಜೀವ ಬಿಡುತ್ತಿರುವವನು ಪರದೆಯ ಮೇಲೆ ಬರೀ ಸೋಮಾರಿ. ಗಾಳಿ ಹಾಜರಿ ಹಾಕುವುದು ಮೈಕಿನಲ್ಲಿ ಮಾತ್ರ. ಅಲ್ಲಿಗೆ ಬಂದು ಆಡಿದ ಮಾತನ್ನೆಲ್ಲ ಬರಬರ ಸದ್ದಿನಲ್ಲಿ ಮುಳುಗಿಸುತ್ತದೆ. ಇನ್ನು ದೂರ. ದೂರ ತೋರಿಸಲು ಸಿನಿಮಾದವರ ಹತ್ತಿರ ಇರುವುದು ಒಂದೇ ಉಪಾಯ: ನಕ್ಷೆಯ ಮೇಲೆ ಸರಸರ ಓಡುವ ಕೆಂಪು ಗೆರೆ. ನೀವು ಎಂಟು ದಿನ ತುಳಿದರೂ ಅದು ನಾಲ್ಕು ಸೆಕೆಂಡು, ರಾತ್ರಿ ಬಸ್ಸಿನಲ್ಲಿ ಮಲಗಿಕೊಂಡು ಬಂದರೂ ನಾಲ್ಕೇ ಸೆಕೆಂಡು.

ಹಾಗಾದರೆ ದೂರದ ಪಯಣಗಳ ಕಥೆಗಳನ್ನು ಜನ ಯಾಕೆ ಓದಿದರು, ಯಾಕೆ ನೋಡಿದರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇತಿಹಾಸ ತೆಗೆದು ನೋಡಿದರೆ ಉತ್ತರ ಸಿಗುತ್ತದೆ. ಸೈಕಲ್ಲಿನಲ್ಲಿ ಮೊದಲು ಜಗತ್ತು ಸುತ್ತಿದ ಥಾಮಸ್ ಸ್ಟೀವನ್ಸ್ 1884ರ ಏಪ್ರಿಲ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಬಿಟ್ಟಾಗ ಏರಿದ್ದು ಮುಂದೆ ಆಳೆತ್ತರದ ಚಕ್ರ, ಹಿಂದೆ ಅಂಗೈಯಗಲದ ಚಕ್ರ ಇದ್ದ ಹಳೆಯ ಮಾದರಿಯ ಗಾಡಿ. ಸಾಮಾನಿನ ಪಟ್ಟಿ ಬರೆಯಲು ಪೋಸ್ಟ್‌ಕಾರ್ಡಿನ ಒಂದು ಮೂಲೆ ಸಾಕಿತ್ತು: ಕಾಲುಚೀಲ, ಬದಲಿ ಅಂಗಿ, ರಾತ್ರಿ ಹೊದಿಕೆಯೂ ಗುಡಾರವೂ ಆಗುವ ಮಳೆಕೋಟು, ಒಂದು ಪಿಸ್ತೂಲು. ಬಾಸ್ಟನ್ ಮುಟ್ಟುವಷ್ಟರಲ್ಲಿ ದಾರಿಯ ಮೂರನೇ ಒಂದಕ್ಕಿಂತ ಹೆಚ್ಚು ಭಾಗವನ್ನು ಆತ ನಡೆದೇ ಕ್ರಮಿಸಿದ್ದ, ಗಾಡಿಯನ್ನು ತಳ್ಳಿಕೊಂಡು. ಮುಂದೆ ಅಫ್ಘಾನಿಸ್ತಾನ ದಾಟಲು ಹೋದಾಗ ಅಲ್ಲಿನ ಅಧಿಕಾರಿಗಳು ಹಿಡಿದು ಪರ್ಷಿಯಾಕ್ಕೆ ವಾಪಸು ಕಳಿಸಿದರು. ಆತ ಕ್ಯಾಸ್ಪಿಯನ್ ಕಡೆಯಿಂದ ಸುತ್ತಿ ಇಸ್ತಾಂಬುಲ್ಲಿಗೆ ಹೋಗಿ, ಹಡಗು ಹತ್ತಿ ಕರಾಚಿಗೆ ಬಂದು, ರೈಲಿನಲ್ಲಿ ಲಾಹೋರ್ ಸೇರಿ, ಅಲ್ಲಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ತುಳಿದ. ಯೋಜನೆಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಅಧ್ವಾನ ಇಲ್ಲ. ಆದರೆ ಎರಡು ದಪ್ಪ ಸಂಪುಟಗಳ ಆತನ ಪ್ರವಾಸಕಥನದಲ್ಲಿ ಅಫ್ಘಾನಿಸ್ತಾನದ ಆ ಬಂಧನ ಪುಟಗಟ್ಟಲೆ ಹಿಡಿಯಿತು. ನಯವಾದ ರಸ್ತೆಯಲ್ಲಿ ಸುಖವಾಗಿ ಸಾಗಿದ ಹಗಲುಗಳಿಗೆ ಒಂದೆರಡು ಸಾಲು. ಓದುಗರಿಗೆ ಬೇಕಾದದ್ದು ಸವಾರ ನಿಂತ ಜಾಗಗಳು, ಇಲ್ಲವೇ ಅವನನ್ನು ಬೇರೆಯವರು ನಿಲ್ಲಿಸಿದ ಜಾಗಗಳು.

ನಮ್ಮ ದೇಶದ ಸಾಕ್ಷಿಯೂ ಇದನ್ನೇ ಹೇಳುತ್ತದೆ. 1923ರ ಅಕ್ಟೋಬರ್ 15ರಂದು ಮುಂಬೈಯ ಆರು ಪಾರ್ಸಿ ತರುಣರು ಜಗತ್ತು ಸುತ್ತಲು ಸೈಕಲ್ ಏರಿದರು. 1928ರ ಮಾರ್ಚಿನಲ್ಲಿ ಮರಳಿದವರು ಮೂವರು: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತಮ್ ಭೂಮ್‌ಗರಾ. ತುಳಿದದ್ದು ಸುಮಾರು 71,000 ಕಿಲೋಮೀಟರು. ನೆಹರೂ ಮುನ್ನುಡಿಯೊಂದಿಗೆ ಅವರ ಪುಸ್ತಕ ಬಂತು. ಭಾಗಾಕಾರ ಮಾಡಿದರೆ ದಿನಕ್ಕೆ 44 ಕಿಲೋಮೀಟರು ಬರುತ್ತದೆ. ಇವತ್ತು ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಹೋಗಿ ತಿಂಡಿ ತಿಂದು ಬರುವ ಬೆಂಗಳೂರಿನ ತಂಡಗಳು ಈ ಸರಾಸರಿ ಕೇಳಿದರೆ ಹುಬ್ಬು ಹಾರಿಸಿಯಾವು. ಆದರೆ ಆ 44ರೊಳಗೆ ಮರುಭೂಮಿಗಳಿದ್ದವು, ಹಡಗುಗಳಿದ್ದವು, ನಿಂತು ಮಾತಾಡಿದ ಊರುಗಳಿದ್ದವು. ಐರ್ಲೆಂಡಿನ ಡರ್ವ್ಲಾ ಮರ್ಫಿ ಅವರಿಗೆ ಹತ್ತನೆಯ ಹುಟ್ಟುಹಬ್ಬಕ್ಕೆ ಸಿಕ್ಕ ಉಡುಗೊರೆ ಒಂದು ಹಳೆಯ ಸೈಕಲ್ಲು, ಒಂದು ಅಟ್ಲಾಸು. ಆಗಲೇ ಭಾರತಕ್ಕೆ ಸೈಕಲ್ಲಿನಲ್ಲಿ ಹೋಗುವುದೆಂದು ತೀರ್ಮಾನಿಸಿ, 1963ರ ಜನವರಿಯಲ್ಲಿ ಹೊರಟರು. ಇಪ್ಪತ್ತೊಂದು ವರ್ಷದ ಪೂರ್ವಸಿದ್ಧತೆ! ಇಷ್ಟು ಕಾಲ ಯೋಚಿಸಿಯೂ ಅವರು ಸೈಕಲ್ಲಿಗೆ ಹೊಸದೇನನ್ನೂ ಸೇರಿಸಲಿಲ್ಲ. ಏಷ್ಯಾದ ರಸ್ತೆಗೆ ತಡೆಯಲಾರದೆಂದು ಇದ್ದ ಗೇರನ್ನೂ ಬಿಚ್ಚಿಸಿ ಹಾಕಿದರು. ಇದೇ ಮಹಿಳೆ ಮುಂದೆ ಪುಟ್ಟ ಮಗಳನ್ನು ಕಟ್ಟಿಕೊಂಡು ಕೊಡಗಿಗೆ ಬಂದರು, ಈ ಸಲ ಸೈಕಲ್ಲೇ ಇಲ್ಲದೆ, ಮತ್ತು ಅಲ್ಲೇ ಉಳಿದುಬಿಟ್ಟದ್ದರ ಫಲವಾಗಿ 1976ರಲ್ಲಿ ಕೊಡಗಿನ ಮೇಲೆ ಒಂದು ಇಡೀ ಪುಸ್ತಕ ಬಂತು. ಇವೆಲ್ಲ ಪುಸ್ತಕದ ಮಾತು, ಸಿನಿಮಾದ್ದಲ್ಲ ಎಂದು ಯಾರಾದರೂ ಅಡ್ಡಬಂದರೆ ಅದು ನನ್ನ ವಾದಕ್ಕೇ ಅನುಕೂಲ. ಹಗಲೆಲ್ಲ ತುಳಿದು ರಾತ್ರಿ ನೆನೆದು ಬರೆಯುವ ಸವಲತ್ತು ಪೆನ್ನಿಗಿದೆ. ಕ್ಯಾಮೆರಾಕ್ಕೆ ಜ್ಞಾಪಕಶಕ್ತಿ ಇಲ್ಲ. ನಡೆದದ್ದು ನಡೆಯುವಾಗಲೇ ಅದು ಅಲ್ಲಿರಬೇಕು. ಪುಸ್ತಕಕ್ಕೇ ಇಷ್ಟು ನಿಲ್ಲಬೇಕಾದರೆ ಸಿನಿಮಾಕ್ಕೆ ಇನ್ನೆಷ್ಟು!

ಮೊದಲ ಆಕ್ಷೇಪ ಹಣದ ಕಡೆಯಿಂದ ಬರುತ್ತದೆ, ಅದು ಗಟ್ಟಿಯಾದದ್ದೇ. ದೂರ ಇಲ್ಲದಿದ್ದರೆ ಪ್ರಾಯೋಜಕರಿಲ್ಲ. 'ಹತ್ತು ಸಾವಿರ ಕಿಲೋಮೀಟರು' ಎಂದರೆ ಕಂಪನಿಯವರು ಕುರ್ಚಿ ಮುಂದೆ ಎಳೆದುಕೊಂಡು ಕೇಳುತ್ತಾರೆ. 'ಆರು ನೂರು ಕಿಲೋಮೀಟರು, ನಿಧಾನವಾಗಿ' ಎಂದರೆ ಕಾಫಿ ಕೊಟ್ಟು ಕಳಿಸುತ್ತಾರೆ. ಈ ಕಾಯಿಲೆ ಹೊಸದೇನಲ್ಲ. 1894ರಲ್ಲಿ ಬಾಸ್ಟನ್ನಿನಿಂದ ಹೊರಟ ಆ್ಯನಿ ಕೊಪ್‌ಚೋವ್‌ಸ್ಕಿ ಎಂಬಾಕೆ ಲಂಡನ್‌ಡೆರಿ ಎಂಬ ಕುಡಿಯುವ ನೀರಿನ ಕಂಪನಿಯಿಂದ ನೂರು ಡಾಲರು ಪಡೆದು, ಅವರ ಫಲಕವನ್ನು ಸೈಕಲ್ಲಿಗೆ ಕಟ್ಟಿಕೊಂಡು, ಸಾಲದೆಂಬಂತೆ ತನ್ನ ಹೆಸರನ್ನೇ ಆ್ಯನಿ ಲಂಡನ್‌ಡೆರಿ ಎಂದು ಬದಲಿಸಿಕೊಂಡಳು. ಇವತ್ತಿನ ಟೀಶರ್ಟಿನ ಮೇಲಿನ ಲೋಗೊಗಳು ಈಕೆಯ ಮುಂದೆ ಮಕ್ಕಳಾಟ. ದಾರಿಯಲ್ಲಿ ಬಹಳಷ್ಟನ್ನು ಆಕೆ ಹಡಗಿನಲ್ಲೇ ದಾಟಿದ್ದಳು. ಆದರೂ ಉಪನ್ಯಾಸಗಳಿಗೆ ಜನ ಮುಗಿಬಿದ್ದರು, ಯಾಕೆಂದರೆ ಭಾರತದಲ್ಲಿ ಜರ್ಮನ್ ರಾಜಮನೆತನದವರ ಜೊತೆ ಹುಲಿ ಬೇಟೆಯಾಡಿದೆ ಎಂಬಂಥ ಅಪ್ಪಟ ಬುರುಡೆಗಳನ್ನು ಆಕೆ ಅಷ್ಟು ಚೆನ್ನಾಗಿ ಬಿಡುತ್ತಿದ್ದಳು. ಸಭಿಕರು ಆಕೆಯ ಮೈಲಿಗಳನ್ನು ಎಣಿಸಲಿಲ್ಲ, ಹುಲಿಯನ್ನು ಕೇಳಲು ಬಂದರು. ಪ್ರಾಯೋಜಕರಿಗೆ ದೊಡ್ಡ ಸಂಖ್ಯೆಯೇ ಬೇಕೆಂದಿದ್ದರೆ ಕೊಡೋಣ: ಭೇಟಿಯಾಗಲಿರುವ ಜನರ ಸಂಖ್ಯೆ ಬರೆದುಕೊಡಿ, ತಿನ್ನಲಿರುವ ರೊಟ್ಟಿಗಳ ಸಂಖ್ಯೆ ಬರೆದುಕೊಡಿ. ಸಂಖ್ಯೆ ಕಿಲೋಮೀಟರಿನದ್ದೇ ಆಗಬೇಕೆಂದು ಯಾವ ಒಪ್ಪಂದಪತ್ರದಲ್ಲೂ ಇಲ್ಲ.

ಎರಡನೆಯ ಆಕ್ಷೇಪ ಹಣವಿದ್ದವರದು. ತುಳಿಯುವವರು ತುಳಿಯಲಿ, ತೆಗೆಯುವವರು ಹಿಂದೆ ಕಾರಿನಲ್ಲಿ ಬರಲಿ, ಜಗಳವೇ ಇಲ್ಲವಲ್ಲ? ಸೈಕಲ್ಲಿಗೂ ಸಿನಿಮಾಕ್ಕೂ ಹುಟ್ಟಾ ಹಗೆಯೇನಿಲ್ಲ, ನಿಜ. ಲೂಮಿಯೇರ್ ಸೋದರರು 1895ರಲ್ಲಿ ಲಿಯೋನ್ ನಗರದ ತಮ್ಮ ಕಾರ್ಖಾನೆಯ ಬಾಗಿಲಲ್ಲಿ ತೆಗೆದ, ಸಿನಿಮಾದ ಮೊದಲ ತುಣುಕುಗಳಲ್ಲೊಂದಾದ ಚಿತ್ರದಲ್ಲೇ ಸೈಕಲ್ ಏರಿ ಮನೆಗೆ ಹೊರಟ ಕಾರ್ಮಿಕರಿದ್ದಾರೆ. ಆದರೆ ಕ್ಯಾಮೆರಾ ತಿರುಗಿಸಿದವರು ಸೈಕಲ್ಲಿನ ಮೇಲಿರಲಿಲ್ಲ, ನಿಂತಲ್ಲೇ ನಿಂತಿದ್ದರು ಎಂಬುದನ್ನು ಗಮನಿಸಬೇಕು. ಸ್ಕಾಟ್ಲೆಂಡಿನ ಮಾರ್ಕ್ ಬೋಮಾಂಟ್ ಎರಡು ಸಲ ಜಗತ್ತು ಸುತ್ತಿ, ನಮಗೋಸ್ಕರವೇ ಎಂಬಂತೆ ಎರಡು ವಿಧಾನವನ್ನೂ ಪ್ರಯೋಗ ಮಾಡಿ ತೋರಿಸಿದ್ದಾರೆ. 2007ರಲ್ಲಿ ಒಂಟಿಯಾಗಿ ಹೊರಟು 194 ದಿನ 17 ಗಂಟೆಯಲ್ಲಿ ಮುಗಿಸಿದರು. ಬಹುಪಾಲು ತಾವೇ ಚಿತ್ರಿಸಿಕೊಂಡದ್ದು ಬಿಬಿಸಿಯ ಸರಣಿಯಾಯಿತು. 2017ರಲ್ಲಿ ಜೊತೆಗೆ ವಾಹನ, ವೈದ್ಯೋಪಚಾರ, ಅಡುಗೆ, ಚಿತ್ರೀಕರಣ ಎಲ್ಲಕ್ಕೂ ಜನ. ದಿನಕ್ಕೆ 16 ಗಂಟೆ ತುಳಿತ, ಸುಮಾರು 390 ಕಿಲೋಮೀಟರು, ಒಟ್ಟು 78 ದಿನ 14 ಗಂಟೆ 40 ನಿಮಿಷ. ಸಾಧನೆಯಾಗಿ ಎರಡನೆಯದರ ಮುಂದೆ ತಲೆಬಾಗಲೇಬೇಕು. ಆದರೆ ಚಿತ್ರದಲ್ಲಿ ನೆನಪಿಗೆ ನಿಲ್ಲುವುದೇನು? ಮೊದಲ ಸಲ, ಅಮೆರಿಕದ ಲೂಸಿಯಾನಾದಲ್ಲಿ ಒಂದೇ ದಿನ ಕಾರು ಡಿಕ್ಕಿ ಹೊಡೆದು, ಅಷ್ಟು ಸಾಲದೆಂದು ದರೋಡೆಯೂ ಆದದ್ದು. ಎರಡನೆಯ ಸಲ, ಮಾಸ್ಕೋ ಹತ್ತಿರ ಬಿದ್ದು ಹಲ್ಲು ಮುರಿದುಕೊಂಡದ್ದು. ಹದಿನಾರು ದೇಶ, 29,000 ಕಿಲೋಮೀಟರು, ಉಳಿದದ್ದು ಒಂದು ಹಲ್ಲು! ಗಡಿಯಾರವನ್ನು ಸೋಲಿಸುವುದೇ ಕಥೆಯಾದಾಗ ದೂರಕ್ಕೆ ಬೆಲೆ ಇದೆ ಎಂದು ಒಪ್ಪುತ್ತೇನೆ. ಆದರೆ ಆ ಕಥೆ ದಾಖಲೆ ಹಿಡಿದಿರುವ ಒಬ್ಬರಿಗೆ ಮಾತ್ರ ಸೇರಿದ್ದು. 79 ದಿನ ತೆಗೆದುಕೊಂಡವರಿಗೆ ಅದೂ ಇಲ್ಲ.

ಮೂರನೆಯದು ಉಪಕರಣ ಪ್ರಿಯರ ಆಕ್ಷೇಪ. ಈಗ ಎಲ್ಲ ಸಣ್ಣದಾಗಿದೆ ಸ್ವಾಮಿ, ಹೆಲ್ಮೆಟ್ಟಿನ ಮೇಲೊಂದು ಕ್ಯಾಮೆರಾ, ಹ್ಯಾಂಡಲ್ಲಿಗೊಂದು, ಮೇಲೆ ಹಾರಲು ಡ್ರೋನು, ನಿಲ್ಲುವ ಪ್ರಮೇಯವೇ ಇಲ್ಲ ಎನ್ನುತ್ತಾರೆ. ಹ್ಯಾಂಡಲ್ಲಿನ ಕ್ಯಾಮೆರಾ ಇಡೀ ದಿನ ನಿಷ್ಠೆಯಿಂದ ತೋರಿಸುವುದು ಹ್ಯಾಂಡಲ್ಲನ್ನು. ಹೆಲ್ಮೆಟ್ಟಿನದು ತೋರಿಸುವುದು ತಲೆ ಅಲ್ಲಾಡುವುದನ್ನು. ಚಾರ್ಜಿನ ಲೆಕ್ಕ ನೋಡಿ. ಮುಂದಿನ ಚಕ್ರದ ಹಬ್ಬಿನಲ್ಲಿ ಕೂರುವ ಒಳ್ಳೆಯ ಡೈನಮೋ ಕೊಡುವುದು ಮೂರು ವ್ಯಾಟ್. ಅದರಿಂದ ಪುಟ್ಟ ಕ್ಯಾಮೆರಾದ ಒಂದು ಬ್ಯಾಟರಿ ತುಂಬಲು ಎರಡು ಮೂರು ಗಂಟೆ ತುಳಿಯಬೇಕು. ಅದು ಒಂದು ಗಂಟೆಯ ಆಸುಪಾಸು ಓಡಿ ಕಣ್ಣು ಮುಚ್ಚುತ್ತದೆ. ಮೊಬೈಲ್ ಇದೆ, ದೀಪ ಇದೆ, ದಾರಿ ತೋರಿಸುವ ಯಂತ್ರ ಇದೆ, ಎಲ್ಲಕ್ಕೂ ಅದೇ ಎರಡು ಕಾಲು. ಚಿತ್ರಗಳು ಕೂರಲು ಜಾಗವೂ ಬೇಕು: ಒಳ್ಳೆಯ ಗುಣಮಟ್ಟದ 4ಕೆ ವಿಡಿಯೊ ಗಂಟೆಗೆ ಸುಲಭವಾಗಿ 45 ಜಿಬಿ ನುಂಗುತ್ತದೆ. ಹಾಗಾಗಿ ರಾತ್ರಿ ಮಲಗುವ ಹೊತ್ತಿಗೆ ಮೆಮೊರಿ ಕಾರ್ಡುಗಳನ್ನು ಎರಡೆರಡು ಹಾರ್ಡ್ ಡಿಸ್ಕಿಗೆ ಇಳಿಸುತ್ತ ಕೂರಬೇಕು, ಬೆಳಗ್ಗೆ ಐದಕ್ಕೆ ಏಳಬೇಕಾದವರು. ಡ್ರೋನಿಗೆ ನಮ್ಮಲ್ಲಿ 2021ರ ನಿಯಮಗಳಿವೆ, ಹಸಿರು ಹಳದಿ ಕೆಂಪು ವಲಯಗಳಿವೆ. ಮೊರಾಕೊದಂಥ ದೇಶದಲ್ಲಿ ಅದನ್ನು ಗಡಿಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಅದೆಲ್ಲ ದಾಟಿ ಹಾರಿಸಿದರೂ ಮೇಲಿನಿಂದ ಕಾಣುವುದು ಒಂದು ಬಿಳಿ ಗೆರೆ, ಅದರ ಮೇಲೆ ಒಂದು ಇರುವೆ. ಆ ಇರುವೆ ನೀವೇ ಎನ್ನುವುದಕ್ಕೆ ಅಫಿಡವಿಟ್ ಬೇಕು. ಕೊನೆಗೆ ಇಷ್ಟೆಲ್ಲ ನೂರಾರು ಗಂಟೆಯ ಫುಟೇಜ್ ಕೂತು ನೋಡುವ ಬಡಪಾಯಿ ಎಡಿಟರಿಗೆ ಯೋಜನೆಯ ಹಾಳೆಯಲ್ಲಿ ಕಾಲಮ್ಮೇ ಇರುವುದಿಲ್ಲ.

ಇನ್ನು ಕೆಲವು ಜಾಣರು ಇದ್ದಾರೆ. ಅವರು ದೂರವನ್ನೂ ಬಿಡುವುದಿಲ್ಲ, ದಾರಿಯಲ್ಲೂ ನಿಲ್ಲುವುದಿಲ್ಲ. ಬೇಕಾದ ದೃಶ್ಯಗಳನ್ನು ಒಳ್ಳೆಯ ಬೆಳಕು ನೋಡಿ ಒಂದೇ ಕಡೆ ಮತ್ತೆ ಆಡಿ ತೋರಿಸಿದರಾಯಿತು ಎನ್ನುತ್ತಾರೆ. ಪಂಕ್ಚರ್ ಮಂಗಳವಾರ ಆಗಿರುತ್ತದೆ, ಚಿತ್ರದಲ್ಲಿ ಗುರುವಾರ ಸೂರ್ಯಾಸ್ತಕ್ಕೆ ಆಗುತ್ತದೆ. ಇದಕ್ಕೆ ಹಿರಿಯರ ಮೇಲ್ಪಂಕ್ತಿಯೂ ಇದೆ. ಸಾಕ್ಷ್ಯಚಿತ್ರಗಳ ಅಜ್ಜ ಎನಿಸಿಕೊಂಡ, 1922ರಲ್ಲಿ ರಾಬರ್ಟ್ ಫ್ಲಾಹರ್ಟಿ ತೆಗೆದ 'ನಾನೂಕ್ ಆಫ್ ದ ನಾರ್ತ್' ಚಿತ್ರದಲ್ಲಿ ಹಿಮದ ಮನೆಯೊಳಗೆ ಬೆಳಕು ಸಾಲದೆಂದು ಅರ್ಧಕ್ಕೆ ಕೊಯ್ದ ಮನೆ ಕಟ್ಟಿಸಿ, ಆ ಕೊರೆಯುವ ಚಳಿಯಲ್ಲಿ ಸಂಸಾರವನ್ನು ಅದರೊಳಗೆ ಮಲಗಿಸಿ ಏಳಿಸಿದ್ದರು. ಬಂದೂಕು ಬಳಸುತ್ತಿದ್ದ ಬೇಟೆಗಾರರ ಕೈಗೆ ಭರ್ಜಿ ಕೊಟ್ಟಿದ್ದರು. ನಾಯಕನ ನಿಜವಾದ ಹೆಸರು ನಾನೂಕ್ ಕೂಡ ಅಲ್ಲ, ಅಲ್ಲಾಕರಿಯಾಲಾಕ್. ಆದರೂ ಚಿತ್ರ ಚೆನ್ನಾಗಿದೆ, ನೂರು ವರ್ಷದ ಮೇಲೂ ಜನ ನೋಡುತ್ತಾರೆ. ಆದರೆ ಫ್ಲಾಹರ್ಟಿ ಅಲ್ಲಿಗೆ ಎಲ್ಲಿಗೋ ಹೋಗುವ ದಾರಿಯಲ್ಲಿ ಬಂದವರಲ್ಲ. ಆ ಜನರ ನಡುವೆ ತಿಂಗಳುಗಟ್ಟಲೆ ಇದ್ದವರು. ನಮ್ಮ ಸವಾರರಿಗೆ ಸಂಜೆಯೊಳಗೆ ಮುಂದಿನ ಊರು ಸೇರಬೇಕು. ಅವರು ಮಾಡುವ ಮರುಪ್ರದರ್ಶನ ನಮ್ಮ ಮದುವೆಮನೆಯ ವಿಡಿಯೊದವರ ಜಾಡಿಗೆ ಬೀಳುತ್ತದೆ: ಮುಹೂರ್ತ ಮೀರಿದರೂ ಚಿಂತೆಯಿಲ್ಲ, ಲೈಟು ಸರಿಯಿಲ್ಲ, ಪುರೋಹಿತರೇ ಒಂಚೂರು ಪಕ್ಕಕ್ಕೆ, ಮಾಂಗಲ್ಯ ಇನ್ನೊಂದು ಸಲ ಕಟ್ಟಿಸಿ. ಎರಡನೆಯ ಸಲ ಕಟ್ಟುವಾಗ ವರನ ಮುಖದಲ್ಲಿ ಯಾವ ಭಾವ ಇರುತ್ತದೋ ಅದೇ ಭಾವ ಗುರುವಾರ ಸಂಜೆ ಮಂಗಳವಾರದ ಪಂಕ್ಚರ್ ಹಾಕುವವನ ಮುಖದಲ್ಲೂ ಇರುತ್ತದೆ, ಮತ್ತು ನೋಡುವವರಿಗೆ ಅದು ಗೊತ್ತಾಗಿಬಿಡುತ್ತದೆ.

ಯಶಸ್ವಿಯಾದ ಚಿತ್ರಗಳು ನಿಂತಿರುವುದು ಯೋಜನೆ ಕೈಕೊಟ್ಟ ಜಾಗದಲ್ಲಿ. ಇಂಗ್ಲೆಂಡಿನ ಟಾಮ್ ಅಲೆನ್ 2007ರಲ್ಲಿ ಜಗತ್ತು ಸುತ್ತಲು ಹೊರಟರು, ಕ್ಯಾಮೆರಾ ಜೊತೆಗಿತ್ತು. ಆರ್ಮೇನಿಯಾದ ಯೆರೆವಾನ್ ತಲುಪಿದಾಗ ಅಲ್ಲಿನ ಒಬ್ಬ ಹುಡುಗಿಯನ್ನು ಪ್ರೀತಿಸಿಬಿಟ್ಟರು. ಜಗತ್ತು ಸುತ್ತುವ ಯೋಜನೆಗೆ ಇದಕ್ಕಿಂತ ದೊಡ್ಡ ಪಂಕ್ಚರ್ ಇಲ್ಲ. ಯಾವ ರಿಪೇರಿ ಪೆಟ್ಟಿಗೆಯಲ್ಲೂ ಇದಕ್ಕೆ ತೇಪೆ ಇರುವುದಿಲ್ಲ. 2012ರಲ್ಲಿ ಬಂದ 'ಜನಪಾರ್' ಚಿತ್ರದ ಜೀವ ಇರುವುದು ಹೋಗಬೇಕೋ ನಿಲ್ಲಬೇಕೋ ಎಂಬ ಆ ಒದ್ದಾಟದಲ್ಲಿ. ಆಸ್ಟ್ರೇಲಿಯದ ಲಾಖ್ಲನ್ ಮಾರ್ಟನ್ 2021ರಲ್ಲಿ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಹಾದಿಯನ್ನು, ತಂಡಗಳು ಬಸ್ಸಿನಲ್ಲಿ ದಾಟುವ ಭಾಗವನ್ನೂ ಬಿಡದೆ, ಒಬ್ಬರೇ ತುಳಿದರು: 5,510 ಕಿಲೋಮೀಟರು, 18 ದಿನ, ಸ್ಪರ್ಧಿಗಳಿಗಿಂತ ಐದು ದಿನ ಮೊದಲೇ ಪ್ಯಾರಿಸ್ಸಿಗೆ. ಅಷ್ಟು ದೊಡ್ಡ ಸಂಖ್ಯೆಗಳಿದ್ದರೂ ಜನ ಇವತ್ತಿಗೂ ಹೇಳುವುದು ಏನನ್ನು? ಮಂಡಿ ನೋವು ತಾಳಲಾರದೆ ಶೂ ಬಿಚ್ಚಿ, ಚಪ್ಪಲಿ ಮೆಟ್ಟಿಕೊಂಡು ಬೆಟ್ಟ ಹತ್ತಿದ್ದನ್ನು. ಆ ಚಪ್ಪಲಿ ಹಾಳೆಯ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಅದೃಷ್ಟಕ್ಕೆ, ಅಲ್ಲಿ ಬೇರೊಬ್ಬರು ಕ್ಯಾಮೆರಾ ಹಿಡಿದಿದ್ದರು. ಒಂಟಿ ಸವಾರ ಸಂಜೆಯೊಳಗೆ ಇನ್ನೂ 60 ಕಿಲೋಮೀಟರು ಹೋಗಬೇಕಿದ್ದರೆ ತನ್ನ ಚಪ್ಪಲಿಯ ಕಡೆ ಕ್ಯಾಮೆರಾ ತಿರುಗಿಸುವುದಿಲ್ಲ. ಅಂಥ ಹೊತ್ತಿನಲ್ಲಿ ಯಾರಿಗೂ ಅಷ್ಟು ತಾಳ್ಮೆ ಇರುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಸಿನಿಮಾ ಬಿಟ್ಟು ಸುಮ್ಮನೆ ತುಳಿಯಿರಿ ಎಂದು ಹೇಳುವ ಶುದ್ಧವಾದಿಗಳೂ ಇದ್ದಾರೆ. ಜರ್ಮನಿಯ ಹೈಂಜ್ ಸ್ಟುಕ್ 1962ರಲ್ಲಿ ಸೈಕಲ್ ಏರಿ ಮನೆ ಬಿಟ್ಟವರು ತಿರುಗಿ ಬಂದು ನೆಲೆಸಿದ್ದು 2014ರಲ್ಲಿ. ಅಂಥವರು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ, ಯಾರ ಪ್ರಬಂಧವನ್ನೂ ಓದುವುದಿಲ್ಲ. ಅವರನ್ನು ಅವರ ಪಾಡಿಗೆ ಬಿಡೋಣ. ಆದರೆ ಅವರೂ ಫೋಟೊ ತೆಗೆದರು, ಕಿರುಹೊತ್ತಗೆ ಮಾರಿ ಹೊಟ್ಟೆ ಹೊರೆದರು. ಹೋಗಿ ಬಂದು ಹೇಳದೆ ಇರುವುದು ಮನುಷ್ಯರ ಕೈಲಾಗುವ ಕೆಲಸವಲ್ಲ.

ಹೇಳುವುದೇ ಆದರೆ ಕೇಳುವ ಹಾಗೆ ಹೇಳೋಣ. ನಮ್ಮಲ್ಲಿ ಈಗ ಬಹಳ ಮಂದಿಯ ಕನಸು ಕಾಶ್ಮೀರದಿಂದ ಕನ್ಯಾಕುಮಾರಿ. ಹೆದ್ದಾರಿ 44ರಲ್ಲಿ ಮೂರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ದಿನಕ್ಕೆ 130ರಂತೆ ನಾಲ್ಕು ವಾರ. ಈ ಲೆಕ್ಕದಲ್ಲಿ ಕರ್ನಾಟಕದ ಪಾಲಿಗೆ ಬರುವುದು ಬಾಗೇಪಲ್ಲಿಯಿಂದ ಅತ್ತಿಬೆಲೆಯವರೆಗಿನ ಸುಮಾರು ಒಂದು ದಿನ; ಅದರಲ್ಲಿ ಅರ್ಧ ದಿನ ಬೆಂಗಳೂರಿನ ಟ್ರಾಫಿಕ್ಕು. ಸಿನಿಮಾದಲ್ಲಿ ಇಡೀ ಕನ್ನಡನಾಡು ಒಂದು ಫ್ಲೈಓವರಿನ ಕೆಳಗೆ ಹಾದು ಹೋಗುತ್ತದೆ. ಅದೇ ನಾಲ್ಕು ವಾರವನ್ನು ಹೆದ್ದಾರಿ 150ಎ ಮೇಲೆ ಹಾಕಿ ನೋಡಿ. ಅದು ಜೇವರ್ಗಿಯಲ್ಲಿ ಹೊರಟು ಸಿಂಧನೂರು, ಬಳ್ಳಾರಿ, ಚಳ್ಳಕೆರೆ, ಹಿರಿಯೂರು, ನಾಗಮಂಗಲ, ಮೈಸೂರು ದಾಟಿ ಚಾಮರಾಜನಗರಕ್ಕೆ ಹೋಗುತ್ತದೆ; ಆರು ನೂರು ಕಿಲೋಮೀಟರಿನ ಆಸುಪಾಸು. ದಿನಕ್ಕೆ ಇಪ್ಪತ್ತೆರಡು ಮೂರು ಕಿಲೋಮೀಟರು, ಬೆಳಗಿನ ತಂಪಿನಲ್ಲೇ ಮುಗಿದುಹೋಗುತ್ತದೆ. ಉಳಿದ ಹಗಲೆಲ್ಲ ಕ್ಯಾಮೆರಾದ್ದು. ಕಪ್ಪು ನೆಲ ಕೆಂಪಾಗುವುದು, ಜೋಳದ ರೊಟ್ಟಿ ಹೋಗಿ ರಾಗಿಮುದ್ದೆ ಬರುವುದು, ತುಂಗಭದ್ರೆಯ ಕಾಲುವೆಯ ಭತ್ತದ ಗದ್ದೆ ಮುಗಿದು ಚಳ್ಳಕೆರೆಯ ಶೇಂಗಾ ಹೊಲ ಶುರುವಾಗುವುದು, ಇವು ಕಣ್ಣಿಗೆ ಕಾಣುವಂಥವು. ಇನ್ನೂ ಮುಖ್ಯವಾಗಿ, ಜೇವರ್ಗಿಯ ಚಹಾ ಅಂಗಡಿಯಿಂದ ಚಾಮರಾಜನಗರದ ಟೀ ಅಂಗಡಿಯವರೆಗೆ ಕನ್ನಡ ತಾಲ್ಲೂಕಿಗೊಂದು ಸಲ ರಾಗ ಬದಲಿಸುತ್ತದೆ. ದೂರ ಎನ್ನುವುದು ಸಿನಿಮಾಕ್ಕೆ ಸಿಗುವುದೇ ಆದರೆ ಸಿಗುವುದು ಹೀಗೆ, ಮೈಕಿನ ಮೂಲಕ. ಹೊರಡುವವರು ನವೆಂಬರಿನಲ್ಲಿ ಹೊರಡಿ; ಮಳೆ ಹಿಂದೆ ಸರಿದಿರುತ್ತದೆ, ಬಿಸಿಲು ಇನ್ನೂ ಬಲಿತಿರುವುದಿಲ್ಲ, ಗದ್ದೆಯಲ್ಲಿ ಜನ ಇರುತ್ತಾರೆ. ದುಡ್ಡನ್ನು ಒಳ್ಳೆಯ ಮೈಕಿನ ಮೇಲೆ ಹಾಕಿ, ಡ್ರೋನನ್ನು ಮನೆಯಲ್ಲೇ ಬಿಡಿ. ಎಡಿಟರಿಗೆ ಮಾತ್ರ ಮುಂಗಡವನ್ನು ಈಗಲೇ ಕೊಟ್ಟಿಡಿ. ಫುಟೇಜ್ ನೋಡಿದ ಮೇಲೆ ಅವರು ಒಪ್ಪಿಕೊಳ್ಳುವುದಿಲ್ಲ.